ಎಟಿವಿಯ ಚಕ್ರ ಅಲುಗಾಡಿದರೆ
ಎಟಿವಿಯ ಚಕ್ರ ಅಲುಗಾಡುತ್ತಿದ್ದರೆ ಮೊದಲು ವೀಲ್ ನಟ್‌ಗಳನ್ನು ನೋಡಬೇಕು. ಅವು ಬಿಗಿಯಾಗಿದ್ದರೆ ಗಾಡಿಯನ್ನು ಜಾಕ್ ಕೊಟ್ಟು ಎತ್ತಿ, ಭದ್ರವಾಗಿ ನಿಲ್ಲಿಸಿ, ಟೈರನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಬೇಕು. ಮೇಲೆ–ಕೆಳಗೆ ಹಿಡಿದಾಗ ಆಡಿದರೆ ಸಾಮಾನ್ಯವಾಗಿ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿರುತ್ತದೆ. ಮುಂದಿನ ಚಕ್ರ ಅಕ್ಕಪಕ್ಕಕ್ಕೆ ಮಾತ್ರ ಆಡಿದರೆ ಟೈ ರಾಡ್ ತುದಿ. ಇನ್ನೊಬ್ಬರು ಚಕ್ರ ಅಲ್ಲಾಡಿಸುವಾಗ ಕೀಲಿನ ಮೇಲೆ ಬೆರಳಿಟ್ಟರೆ ಸಡಿಲು ಕೈಗೇ ಗೊತ್ತಾಗುತ್ತದೆ. ಕೆಸರು ನೀರಿನಲ್ಲಿ ಓಡುವ ಗಾಡಿಗಳಲ್ಲಿ ಸೀಲ್ ಹಾಳಾಗಿ, ಗ್ರೀಸ್ ತೊಳೆದುಹೋಗಿ ಬೇರಿಂಗ್ ತುಕ್ಕು ಹಿಡಿಯುತ್ತದೆ. ಆಗ ಸೀಲ್, ಬೇರಿಂಗ್ ಎರಡನ್ನೂ ಒಟ್ಟಿಗೇ ಬದಲಿಸುವುದು ಲೇಸು. ಹಬ್ ನಟ್ ಸಡಿಲವಿದ್ದಂತೆಯೇ ಓಡಿಸಿದರೆ ಹಬ್‌ನ ಒಳಹಲ್ಲುಗಳು ಸವೆದು ಹಬ್ಬನ್ನೇ ಹೊಸದಾಗಿ ಹಾಕಬೇಕಾಗುತ್ತದೆ. ನಟ್ಟನ್ನು ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ ಬಿಗಿದು ಹೊಸ ಕಾಟರ್ ಪಿನ್ ಹಾಕಬೇಕು. ಬಾಗಿದ ಹಳೆಯದನ್ನೇ ನೆಟ್ಟಗೆ ಮಾಡಿ ತೂರಿಸುವುದು ಅಪಾಯ.