ಅಗ್ಗದ ಮನೆಯ ದುಬಾರಿ ಲೆಕ್ಕ

ಅಮೆರಿಕದಲ್ಲಿ ಮನೆ ಅತಿ ಅಗ್ಗವಾಗಿ ಸಿಗುವ ಜಾಗಗಳಲ್ಲಿ ವೆಸ್ಟ್ ವರ್ಜೀನಿಯಾದ ಮ್ಯಾಕ್‌ಡೊವೆಲ್ ಕೌಂಟಿಯೂ ಒಂದು. ಹಾಗಂತ ಅಲ್ಲಿನವರಿಗೆ ಅವು ಕೈಗೆಟುಕುತ್ತವೆಯೇ?

ಕಲ್ಲಿದ್ದಲು ಗಣಿಗಳ ಭರಾಟೆಯಿದ್ದ 1950ರಲ್ಲಿ ಇಲ್ಲಿ ಸುಮಾರು 99 ಸಾವಿರ ಜನರಿದ್ದರು. 2020ರ ಗಣತಿಗೆ ಸಿಕ್ಕವರು 19 ಸಾವಿರ. ಕೊಳ್ಳುವವರೇ ಇಲ್ಲದ ಊರಲ್ಲಿ ಬೆಲೆ ಇಳಿಯದೆ ಇನ್ನೇನು!

ಆದರೆ ಮನೆ ಕೈಗೆಟುಕುತ್ತದೆಯೇ ಎಂದು ನೋಡುವ ಸರ್ಕಾರದ ಅಳತೆಗೋಲು ಸರಳ: ಆದಾಯದ ಶೇ 30ಕ್ಕಿಂತ ಹೆಚ್ಚು ಮನೆಗೇ ಹೋದರೆ ಅದು ಹೊರೆ. ಬಾಡಿಗೆ ಅಥವಾ ಸಾಲದ ಕಂತಿನ ಜೊತೆ ವಿದ್ಯುತ್, ನೀರಿನ ಬಿಲ್ಲೂ ಇದರಲ್ಲಿ ಸೇರುತ್ತದೆ. ತಿಂಗಳಿಗೆ 1,200 ಡಾಲರ್ ಪಿಂಚಣಿ ಬರುವ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ಅವರ ಮಿತಿ 360 ಡಾಲರ್. ಮನೆ ಸ್ವಂತದ್ದು, ಸಾಲವೂ ಇಲ್ಲ. ಆದರೆ ಸಂದಿಸಂದಿಯಲ್ಲಿ ಗಾಳಿ ನುಗ್ಗುವ ಹಳೆಯ ಹಲಗೆಗೋಡೆಯ ಮನೆಯನ್ನು ಚಳಿಗಾಲದಲ್ಲಿ ಬೆಚ್ಚಗಿಡುವ ಖರ್ಚೇ ಆ ಮಿತಿಯ ಬಹುಪಾಲನ್ನು ನುಂಗಬಹುದು.

ಸೋರುವ ಚಾವಣಿಯ ರಿಪೇರಿ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅಂಗಡಿಗೆ, ಆಸ್ಪತ್ರೆಗೆ ಗುಡ್ಡ ಸುತ್ತಿ ಹೋಗುವ ಕಾರಿನ ಪೆಟ್ರೋಲೂ ಅಷ್ಟೇ.