ಕಲ್ಲು ಒಡೆಯದೇ ಅದರ ಒಳಗೆ ಇಣುಕುವುದು ಹೇಗೆ?

ಹಳೇ ಮನೆಯ ಗೋಡೆಯ ಬುಡವನ್ನ ಒಮ್ಮೆ ಕೈಯಿಂದ ಸವರಿ ನೋಡಿ. ಎಷ್ಟೋ ಕಡೆ ಬೆರಳಿಗೆ ಬಿಳಿ ಪುಡಿ ಅಂಟುತ್ತೆ. ಅದು ಸುಣ್ಣ ಅಂತಲೇ ನಾನು ಬಹಳ ಕಾಲ ಅಂದುಕೊಂಡಿದ್ದೆ. ಬಹಳ ಸಲ ಅದು ಉಪ್ಪು. ನೆಲದ ನೀರು ಗೋಡೆಯೊಳಗೆ ಏರುವಾಗ ಕರಗಿದ ಉಪ್ಪನ್ನೂ ಹೊತ್ತು ತರುತ್ತೆ. ನೀರು ಆವಿಯಾಗಿ ಹೋಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಇದಕ್ಕೆ ಮದ್ದು ಅಂತ ನಾವು ನೀರು ತಡೆಯುವ ದ್ರಾವಣ ಬಳಿಸ್ತೀವಿ. ಅದು ಗೋಡೆಯನ್ನ ಉಳಿಸುತ್ತಾ, ಕೆಡಿಸುತ್ತಾ? ಇವತ್ತಿನ ಮಾತು ಅದರ ಬಗ್ಗೆ.

ಇಟ್ಟಿಗೆ, ಮರಳುಗಲ್ಲು, ಗಾರೆ, ಕಾಂಕ್ರೀಟ್ ಎಲ್ಲವೂ ನೋಡೋಕೆ ಗಟ್ಟಿ. ಒಳಗೆ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಕಲ್ಲನ್ನ ಒಣಗಿಸಿ ತೂಗಿ, ನೀರು ಕುಡಿಸಿ ಮತ್ತೆ ತೂಗಿದ್ರೆ ಎಷ್ಟು ಜಾಗ ಖಾಲಿ ಇದೆ ಅನ್ನೋದು ಹೆಚ್ಚುಕಡಿಮೆ ಗೊತ್ತಾಗುತ್ತೆ. ಆದ್ರೆ ಆ ರಂಧ್ರಗಳು ಎಷ್ಟು ಅಗಲ, ಒಂದಕ್ಕೊಂದು ಹೇಗೆ ಸೇರಿವೆ ಅನ್ನೋದು ಗೊತ್ತಾಗಲ್ಲ. ನೀರಿಗೆ ಮುಖ್ಯವಾದದ್ದು ಅದೇ. 0.1 ಮಿಲಿಮೀಟರ್ ತ್ರಿಜ್ಯದ ಸಣ್ಣ ಕೊಳವೆಯಲ್ಲಿ ನೀರು ತಾನಾಗೇ ಸುಮಾರು 15 ಸೆಂಟಿಮೀಟರ್ ಏರುತ್ತೆ. ತ್ರಿಜ್ಯ 1 ಮೈಕ್ರಾನ್ ಆದ್ರೆ, ಲೆಕ್ಕದ ಪ್ರಕಾರ ಸುಮಾರು 15 ಮೀಟರ್! ನಿಜವಾದ ಗೋಡೆಯಲ್ಲಿ ನೀರು ಅಷ್ಟು ಎತ್ತರ ಹೋಗೋ ಮೊದಲೇ ಆವಿಯಾಗುತ್ತೆ, ಆ ಮಾತು ಬೇರೆ.

ರಂಧ್ರಗಳ ಅಳತೆ ತಿಳಿಯೋಕೆ ಪಾದರಸವನ್ನ ಒತ್ತಡ ಹಾಕಿ ಕಲ್ಲಿನೊಳಗೆ ತೂರಿಸುವ ವಿಧಾನ ಇದೆ. ಅದರಲ್ಲಿ ಎರಡು ತೊಡಕು. ದೊಡ್ಡ ಕೋಣೆಗೆ ಸಣ್ಣ ಬಾಗಿಲಿದ್ರೆ, ಅದು ಬಾಗಿಲಿನ ಅಳತೆಯನ್ನೇ ಕೋಣೆಯ ಅಳತೆ ಅಂತ ತೋರಿಸುತ್ತೆ. ಜೊತೆಗೆ, ಪಾದರಸ ಹೊಕ್ಕ ಕಲ್ಲಿನ ಚೂರು ಮತ್ತೆ ಬಳಕೆಗೆ ಬರಲ್ಲ.

ಹಾಗಾಗಿ ಸಂಶೋಧಕರು ಆಸ್ಪತ್ರೆಯ ಸಿಟಿ ಸ್ಕ್ಯಾನ್‌ನ ದಾರಿ ಹಿಡಿದರು. 1971ರಲ್ಲಿ ಲಂಡನ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳನ್ನ ಹೀಗೆ ನೋಡಿದರು. ಇದಕ್ಕೆ ಕಾರಣರಾದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಬಂತು. ಆಸ್ಪತ್ರೆಯಲ್ಲಿ ಯಂತ್ರ ರೋಗಿಯ ಸುತ್ತ ತಿರುಗುತ್ತೆ. ಮೈಕ್ರೋ ಸಿಟಿಯಲ್ಲಿ ಸಾಮಾನ್ಯವಾಗಿ ಕಲ್ಲಿನ ಚೂರೇ ಪೀಠದ ಮೇಲೆ ನಿಧಾನಕ್ಕೆ ತಿರುಗುತ್ತೆ. ನೂರಾರು, ಕೆಲವೊಮ್ಮೆ ಸಾವಿರಾರು ಎಕ್ಸ್-ರೇ ಚಿತ್ರಗಳನ್ನ ಸೇರಿಸಿ ಕಂಪ್ಯೂಟರ್ ಮೂರು ಆಯಾಮದ ಚಿತ್ರ ಕಟ್ಟುತ್ತೆ. ದಟ್ಟ ಖನಿಜ ಬೆಳ್ಳಗೆ, ರಂಧ್ರ ಕಪ್ಪಗೆ ಕಾಣುತ್ತೆ. ಅದೇ ಚೂರಿಗೆ ನೀರು ಕುಡಿಸಿ, ಒಣಗಿಸಿ, ಮತ್ತೆ ಮತ್ತೆ ಸ್ಕ್ಯಾನ್ ಮಾಡಬಹುದು.

ಇದಕ್ಕೂ ಒಂದು ಮಿತಿ ಇದೆ. ಚಿತ್ರದ ಅಗಲ 2,000 ಚುಕ್ಕಿ ಅಂತಿಟ್ಟುಕೊಳ್ಳಿ. 1 ಸೆಂಟಿಮೀಟರ್ ಚೂರಿನಲ್ಲಿ ಒಂದು ಚುಕ್ಕಿ ಅಂದ್ರೆ 5 ಮೈಕ್ರಾನ್. 10 ಸೆಂಟಿಮೀಟರ್ ತುಂಡಾದ್ರೆ 50 ಮೈಕ್ರಾನ್. ಅದಕ್ಕಿಂತ ಸಣ್ಣ ರಂಧ್ರ ಬಿಡಿಯಾಗಿ ಕಾಣಲ್ಲ. ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ಅದಕ್ಕೇ ಪಾದರಸದ ವಿಧಾನವನ್ನ ಇನ್ನೂ ಪೂರ್ತಿ ಕೈಬಿಟ್ಟಿಲ್ಲ.

ಈಗ ನಮ್ಮ ದ್ರಾವಣದ ಪ್ರಶ್ನೆಗೆ ಬರೋಣ. ಹಳೇ ಕಲ್ಲಿನ ಚರ್ಚುಗಳಿರುವ ಬೆಲ್ಜಿಯಂನಲ್ಲೂ ಇದೇ ಪ್ರಶ್ನೆ ಇತ್ತು. ಅಲ್ಲಿನ ಘೆಂಟ್ ವಿಶ್ವವಿದ್ಯಾಲಯದ ಸಂಶೋಧಕರು, ಕಲ್ಲಿಗೆ ಹಚ್ಚಿದ ದ್ರಾವಣ ಎಷ್ಟು ಆಳ ಇಳಿಯುತ್ತೆ ಅಂತ ಮೈಕ್ರೋ ಸಿಟಿಯಲ್ಲಿ ನೋಡಹೊರಟರು. ಆದ್ರೆ ಇಂಥ ದ್ರಾವಣ ಎಕ್ಸ್-ರೇಯಲ್ಲಿ ಕಲ್ಲಿನಿಂದ ಬೇರೆಯಾಗಿ ಸರಿಯಾಗಿ ಕಾಣಲ್ಲ. ಅದಕ್ಕೆ ಬ್ರೋಮಿನ್ ಇರುವ ರಾಸಾಯನಿಕವೊಂದನ್ನ ಬೆರೆಸಿದರು. ಬ್ರೋಮಿನ್ ಎಕ್ಸ್-ರೇಯನ್ನ ಚೆನ್ನಾಗಿ ಹೀರುತ್ತೆ, ಹಾಗಾಗಿ ದ್ರಾವಣ ಇಳಿದ ಜಾಗ ಕಾಣಿಸಿತು.

ಆಳ ಯಾಕೆ ಅಷ್ಟು ಮುಖ್ಯ? ದ್ರಾವಣ ಮೇಲ್ಪದರದಲ್ಲೇ ನಿಂತಿದೆ, ಗೋಡೆಯೊಳಗೆ ಉಪ್ಪುನೀರು ಇದೆ ಅಂದುಕೊಳ್ಳಿ. ನೀರು ಆ ಪದರದ ಬೆನ್ನಿಗೆ ಬಂದು ನಿಲ್ಲುತ್ತೆ. ಆವಿ ಮಾತ್ರ ಹೊರಗೆ ಹೋಗುತ್ತೆ. ಉಪ್ಪು ಹೊರಗಿನ ಬದಲು ಒಳಗೇ ಹರಳುಗಟ್ಟುತ್ತೆ. ಸೋಡಿಯಂ ಸಲ್ಫೇಟ್‌ನಂಥ ಉಪ್ಪು ನೀರು ಸೇರಿಸಿಕೊಂಡು ಹರಳಾದಾಗ ಅದರ ಗಾತ್ರ ಮೂರು ಪಟ್ಟಿಗೂ ಹೆಚ್ಚಾಗುತ್ತೆ. ಬೆಳೆಯುವ ಹರಳು ಸಣ್ಣ ರಂಧ್ರದ ಗೋಡೆಯನ್ನ ಒತ್ತುತ್ತೆ. ವರ್ಷಗಳು ಕಳೆದಂತೆ, ರಕ್ಷಣೆಗೆ ಅಂತ ಹಚ್ಚಿದ ಪದರವೇ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಚಕ್ಕೆಯಾಗಿ ಬೀಳುತ್ತೆ. ಮನೆಯ ಗೋಡೆಗೆ ಮತ್ತೆ ಗಾರೆ ಹಚ್ಚಬಹುದು. ಆದ್ರೆ ಶಿಲ್ಪದ ಮುಖ ಹೋದ್ರೆ ಹೋಯ್ತು.

ಹಾಗಂತ ನಮ್ಮ ನಿಮ್ಮ ಮನೆ ಗೋಡೆಗೆ ಸ್ಕ್ಯಾನ್ ಬೇಕಿಲ್ಲ. ಆದ್ರೆ ಅದು ಕಲಿಸಿದ ಪಾಠ ಬೇಕು. ದ್ರಾವಣ ಕೊಳ್ಳೋ ಮೊದಲು ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಿ: ಸೂರಿನಿಂದಲಾ, ಒಡೆದ ಪೈಪಿನಿಂದಲಾ, ನೆಲದಿಂದಲಾ? ಮೊದಲು ಅದನ್ನ ಸರಿಮಾಡಿಸಿ. ಆ ಬಿಳಿ ಪುಡಿ ಉಪ್ಪೇ ಆಗಿದ್ರೆ, ಮೇಲೆ ಮುಚ್ಚೋಕೆ ಅವಸರ ಮಾಡಬೇಡಿ. ನೋಡೋಕೆ ಚೆಂದ ಇಲ್ಲ, ಒಪ್ತೀನಿ. ಆದ್ರೆ ಅದು ಹೊರಗೆ ಬರ್ತಿದೆ ಅನ್ನೋದೇ ಗೋಡೆಗೆ ಒಳ್ಳೇದು.