ಮಾಗಿಯ ಬೆಳಗು, ಸಾವಿರ ಮೆಟ್ಟಿಲು

ಮೈಸೂರಿನ ಚಳಿಯನ್ನು ಚಳಿಯೆಂದು ಕರೆಯಲು ಉತ್ತರದೇಶದವರು ಒಪ್ಪುವುದಿಲ್ಲ. ಡಿಸೆಂಬರ್ ಜನವರಿಗಳ ಬೆಳಗಿನಲ್ಲಿ ಉಷ್ಣಮಾನವು 16-17 ಡಿಗ್ರಿಗೆ ಇಳಿದರೆ ಸಾಕು, ನಮ್ಮ ಊರಿನವರು ಕಿವಿಯ ಸುತ್ತ ಮಫ್ಲರು ಬಿಗಿದು, ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಹಿಮಾಲಯವನ್ನೇರಲು ಹೊರಟವರಂತೆ ಹಾಲಿನ ಬೂತಿನವರೆಗೆ ಹೋಗಿಬರುತ್ತಾರೆ. ಆದರೂ ಮಾಗಿಗೆ ತನ್ನದೇ ಆದ ಒಂದು ಗಾಂಭೀರ್ಯವುಂಟು. ಮಳೆಗಾಲದ ಹಸಿರು ಇನ್ನೂ ಪೂರ್ತಿ ಮಾಸಿರುವುದಿಲ್ಲ. ಬೇಸಿಗೆಯ ಧೂಳು ಇನ್ನೂ ಎದ್ದಿರುವುದಿಲ್ಲ. ನಡೆಯುವವನಿಗೆ ಬೆವರು ತಡವಾಗಿ ಬರುತ್ತದೆ, ದಣಿವು ಇನ್ನೂ ತಡವಾಗಿ ಬರುತ್ತದೆ. ಬೆಟ್ಟ ಹತ್ತುವುದಕ್ಕೆಂದೇ ಮೀಸಲಾದ ತಿಂಗಳುಗಳು ವರ್ಷದಲ್ಲಿದ್ದರೆ ಅವು ಮಾರ್ಗಶಿರ, ಪುಷ್ಯಗಳೇ ಎಂದು ನನ್ನ ಅಭಿಪ್ರಾಯ. ಆಷಾಢದ ಶುಕ್ರವಾರ ಚಾಮುಂಡಿಬೆಟ್ಟಕ್ಕೆ ಹೋದವನು ಬೆಟ್ಟವನ್ನು ನೋಡುವುದಿಲ್ಲ, ಜನವನ್ನು ನೋಡುತ್ತಾನೆ. ಬೆಟ್ಟವನ್ನೇ ನೋಡಬೇಕಾದರೆ ಮಾಗಿಯ ಯಾವುದಾದರೊಂದು ಸಾಮಾನ್ಯ ವಾರದ ದಿನ, ಬೆಳಕು ಹರಿಯುವ ಹೊತ್ತಿಗೆ ಪಾದದ ಬಳಿ ಇರಬೇಕು.

ಬೆಟ್ಟದ ತುದಿ ಸಮುದ್ರಮಟ್ಟದಿಂದ 3,489 ಅಡಿ ಎಂದು ಪುಸ್ತಕಗಳು ಹೇಳುತ್ತವೆ. ಊರೇ 2,500 ಅಡಿಯ ಆಸುಪಾಸಿನಲ್ಲಿ ಕುಳಿತಿರುವುದರಿಂದ, ಮೆಟ್ಟಿಲೇರುವವನ ಪಾಲಿಗೆ ಬರುವ ಏರು 800 ಅಡಿಗಳ ಆಚೀಚೆಯದು. ಈ ಸೋಪಾನಗಳನ್ನು ಕಟ್ಟಿಸಿದವರು 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು. ದಾರಿಯಲ್ಲಿ ಸಿಕ್ಕುವ ಏಕಶಿಲೆಯ ನಂದಿಯೂ ಅವರ ಕಾಲದ್ದೇ. ಮೆಟ್ಟಿಲು ಎಷ್ಟು ಎಂಬ ವಿಷಯದಲ್ಲಿ ಮಾತ್ರ ಮೈಸೂರಿನಲ್ಲಿ ಒಮ್ಮತವಿಲ್ಲ. ಸಾವಿರ ಎನ್ನುವವರು ಸಾಮಾನ್ಯರು. 1,008 ಎನ್ನುವವರು ಭಕ್ತರು. ಇನ್ನೂ ಹೆಚ್ಚಿನ ಸಂಖ್ಯೆ ಹೇಳುವವರು ಪ್ರಾಯಶಃ ಹೆಚ್ಚು ದಣಿದವರು. ನಂದಿ ಕುಳಿತಿರುವುದು 700ನೆಯ ಮೆಟ್ಟಿಲಿನಲ್ಲೋ 800ನೆಯದರಲ್ಲೋ ಎಂಬ ಬಗೆಗೂ ಎರಡು ಪಾಠಗಳಿವೆ. ಪಾಠಾಂತರಗಳೊಡನೆ ಹೆಣಗುವುದೇ ವೃತ್ತಿಯಾದ ನನ್ನಂಥವನಿಗೆ ಇದನ್ನು ಎಣಿಸಿ ನಿರ್ಣಯಿಸುವ ಆಸೆ ಆಗಾಗ ಹುಟ್ಟುವುದುಂಟು. ಆದರೆ ಇನ್ನೂರು ದಾಟುವ ಹೊತ್ತಿಗೆ ಉಸಿರು ಎಣಿಕೆಯನ್ನು ನುಂಗಿಬಿಡುತ್ತದೆ.

ಮಾಗಿಯ ಬೆಳಗಿನಲ್ಲಿ ಈ ಮೆಟ್ಟಿಲುಗಳ ಮೇಲೆ ಕಾಣುವವರು ಎರಡು ಪಂಗಡದವರು. ಮೊದಲನೆಯವರು ಹರಕೆ ಹೊತ್ತವರು. ಎರಡನೆಯವರು ಡಾಕ್ಟರು ಹೇಳಿ ಕಳುಹಿಸಿದವರು. ಹರಕೆಯವರು ಬರಿಗಾಲಿನಲ್ಲಿರುತ್ತಾರೆ, ಕೈಯಲ್ಲಿ ಅರಿಸಿನ ಕುಂಕುಮದ ಬಟ್ಟಲು ಇರುತ್ತದೆ. ಡಾಕ್ಟರು ಕಳುಹಿಸಿದವರ ಕಾಲಿನಲ್ಲಿ ದಪ್ಪ ಅಟ್ಟೆಯ ಬೂಟು, ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ನಾನು ಈ ಎರಡನೆಯ ಪಂಗಡಕ್ಕೆ ಸೇರಿದವನು. ನಲವತ್ತೈದು ದಾಟಿದ ವರ್ಷ ರಕ್ತಪರೀಕ್ಷೆಯ ಕಾಗದವನ್ನು ಕೈಯಲ್ಲಿ ಹಿಡಿದ ಡಾಕ್ಟರು, "ಗಡಿಯಲ್ಲಿದ್ದೀರಿ, ಆಚೆಗೆ ದಾಟಬೇಡಿ" ಎಂದರು. ನಾನೊಬ್ಬನೇ ಆ ಗಡಿಯ ಮೇಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು; ನನ್ನಂತೆ ಬೇಲಿಯ ಮೇಲೆ ಕುಳಿತವರು 13 ಕೋಟಿಗೂ ಹೆಚ್ಚು. ನಮ್ಮ ತಂದೆಯವರು ಈ ಬೇಲಿಯನ್ನು ನನ್ನ ವಯಸ್ಸಿನಲ್ಲೇ ದಾಟಿದ್ದರು. ಕೊನೆಯ ಆರು ವರ್ಷ ಅವರಿಗೆ ಪತ್ರಿಕೆಯ ದಪ್ಪಕ್ಷರದ ತಲೆಬರಹಗಳನ್ನು ಬಿಟ್ಟು ಬೇರೇನೂ ಓದಲಾಗುತ್ತಿರಲಿಲ್ಲ. ಓದಿನಿಂದಲೇ ಅನ್ನ ಸಂಪಾದಿಸುವವನಿಗೆ ಇದಕ್ಕಿಂತ ಬೇರೆ ಎಚ್ಚರಿಕೆ ಬೇಕಾಗಲಿಲ್ಲ.

ಹಾಗೆಂದು ದೇವರ ಬೆಟ್ಟವನ್ನು ಔಷಧದ ಸೀಸೆಯಂತೆ ಉಪಯೋಗಿಸಬಹುದೇ? ಮೊದಲ ಕೆಲವು ವಾರ ಈ ಸಂಕೋಚ ನನ್ನನ್ನು ಕಾಡಿತು. ನಮ್ಮ ನಾಡಿನಲ್ಲಿ ಬೆಟ್ಟವನ್ನು ಏರಿದವರ ಅತ್ಯಂತ ಹಳೆಯ ದಾಖಲೆಗಳಿರುವುದು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ. ಶಾಸನಗಳು ಅದನ್ನು ಕಳ್ವಪ್ಪು ಎಂದು ಕರೆಯುತ್ತವೆ. ಏಳನೆಯ ಶತಮಾನದ ಸುಮಾರಿನಲ್ಲಿ ಅಲ್ಲಿಯ ಬಂಡೆಗಳ ಮೇಲೆ ಕೊರೆದ ಬರಹಗಳನ್ನು ಎಂ.ಎ. ತರಗತಿಯಲ್ಲಿ ಓದಿದವರಿಗೆ ನೆನಪಿರಬಹುದು: ಇಂಥ ಮುನಿ, ಇಂಥ ಕಂತಿ, ಈ ಬೆಟ್ಟವನ್ನು ಏರಿ, ನೋಂತು, ದೇಹವನ್ನು ತ್ಯಜಿಸಿದರು ಎಂಬಷ್ಟೇ ಒಕ್ಕಣೆ. ಅವರು ಬೆಟ್ಟ ಹತ್ತಿದ್ದು ಶರೀರವನ್ನು ಬಿಡುವುದಕ್ಕೆ. ನಾವು ಹತ್ತುತ್ತಿರುವುದು ಅದೇ ಶರೀರವನ್ನು ಇನ್ನಷ್ಟು ಕಾಲ ಉಳಿಸಿಕೊಳ್ಳುವುದಕ್ಕೆ. ಇಳಿಕೆಯ ಕಾಲದ ಲಕ್ಷಣವೆಂದು ಇದನ್ನು ಹಳಿಯುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಬಿಡುವವನಿಗೂ ಉಳಿಸಿಕೊಳ್ಳುವವನಿಗೂ ಶರೀರದ ಕಡೆಗೆ ಪೂರ್ತಿ ಗಮನ ಬೇಕು. ಅದನ್ನು ಮರೆತು ಕುರ್ಚಿಯಲ್ಲಿ ಕುಳಿತಿರುವವನೇ ಈ ಇಬ್ಬರಿಗೂ ದೂರದವನು.

ಮೊದಲ ಇನ್ನೂರು ಮುನ್ನೂರು ಮೆಟ್ಟಿಲುಗಳು ಕಡಿದಾದವು. ಹೊಸಬರು ಇಲ್ಲಿಯೇ ಸೋಲುತ್ತಾರೆ, ಅದೂ ಶಕ್ತಿ ಇಲ್ಲದೆ ಅಲ್ಲ, ಶಕ್ತಿ ಇದೆಯೆಂದು ತೋರಿಸಹೋಗಿ. ಇಲ್ಲಿ ನನಗೆ ಗುರುವಾದವರು ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಎಪ್ಪತ್ತು ದಾಟಿದ ವಯಸ್ಸು. ಎದೆಯ ನಡುವೆ ಶಸ್ತ್ರಚಿಕಿತ್ಸೆಯ ಉದ್ದನೆಯ ಗೆರೆ. ಒಂದು ದಿನ ನಾನು ಏರುತ್ತಲೇ ಅವರೊಡನೆ ಹಳಗನ್ನಡದ ಯಾವುದೋ ಪ್ರಸಂಗವನ್ನು ವಿವರಿಸಹೊರಟೆ. ಅವರು ಕೈಯೆತ್ತಿ ತಡೆದು, "ಮೇಷ್ಟ್ರೇ, ಪಾಠ ಇಳಿಯುವಾಗ ಇಟ್ಕೊಳ್ಳಿ. ಹತ್ತೋವಾಗ ಒಂದೆರಡು ಮಾತು ಆಡೋ ಅಷ್ಟು ಉಸಿರಿದ್ರೆ ಸಾಕು. ಭಾಷಣ ಮಾಡೋ ಅಷ್ಟಿದ್ರೆ ನೀವು ಮೈಗಳ್ಳರು, ಒಂದು ಮಾತೂ ಆಡಕ್ಕಾಗದೇ ಇದ್ರೆ ದಡ್ಡರು" ಎಂದರು. ಮುಂದೆ ವೈದ್ಯಮಿತ್ರರೊಬ್ಬರನ್ನು ಕೇಳಿದಾಗ, ವ್ಯಾಯಾಮದ ಮಿತಿಯನ್ನು ಅಳೆಯಲು ಅವರೂ ಇದೇ ಮಾತಿನ ಪರೀಕ್ಷೆಯನ್ನು ಹೇಳಿಕೊಡುತ್ತಾರೆಂದು ತಿಳಿಯಿತು. ಯಜಮಾನರು ಇನ್ನೊಂದು ನಿಯಮವನ್ನೂ ಪಾಲಿಸುತ್ತಿದ್ದರು. ಚಳಿ ಹೆಚ್ಚಾಗಿರುವ ದಿನ ಅವರು ಬಿಸಿಲು ಬೀಳುವ ಮೊದಲು ಮೆಟ್ಟಿಲು ಮುಟ್ಟುತ್ತಿರಲಿಲ್ಲ. ಕೆಳಗಿನ ಮಟ್ಟಸವಾದ ರಸ್ತೆಯಲ್ಲೇ ಕಾಲು ಗಂಟೆ ಅಡ್ಡಾಡಿ ಮೈ ಕಾಯಿಸಿಕೊಳ್ಳುತ್ತಿದ್ದರು. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ. ಆಗ ತಟ್ಟನೆ ಏರುವುದು ಹೃದಯಕ್ಕೆ ಹೊರೆಯ ಮೇಲೆ ಹೊರೆ. ಬಾಯಾರಿಕೆಯೂ ಮಾಗಿಯಲ್ಲಿ ತನ್ನನ್ನು ತಾನು ಹೇಳಿಕೊಳ್ಳುವುದಿಲ್ಲ. ಆದ್ದರಿಂದ ದಾಹವಿಲ್ಲದಿದ್ದರೂ ಎರಡು ಗುಟುಕು ನೀರು ಕುಡಿಯಬೇಕೆಂಬುದು ಅವರ ಶಾಸನ.

ಇನ್ನು ಲೆಕ್ಕಾಚಾರದ ಮಾತು. ಎಪ್ಪತ್ತು ಕಿಲೋ ತೂಗುವ ಮನುಷ್ಯನೊಬ್ಬನು ಈ ಮೆಟ್ಟಿಲುಗಳನ್ನು ಏರಲು ವೆಚ್ಚಮಾಡುವ ಶಕ್ತಿ ಎಷ್ಟು? ಭೌತವಿಜ್ಞಾನದ ಸಹೋದ್ಯೋಗಿಯೊಬ್ಬರು ಉಪಾಧ್ಯಾಯರ ಕೊಠಡಿಯಲ್ಲಿ ಹಳೆಯ ಪ್ರಶ್ನಪತ್ರಿಕೆಯೊಂದರ ಬೆನ್ನಿನ ಮೇಲೆ ನನಗೆ ಲೆಕ್ಕ ಹಾಕಿಕೊಟ್ಟರು. ಅಷ್ಟು ಭಾರವನ್ನು 250 ಮೀಟರ್ ಮೇಲಕ್ಕೆ ಎತ್ತಲು ಬೇಕಾದದ್ದು ಬರಿಯ 40 ಕ್ಯಾಲೊರಿಯ ಕೆಲಸ. ಆದರೆ ದೇಹವೆಂಬ ಯಂತ್ರವು ತಿಂದ ಅನ್ನದ ಶಕ್ತಿಯಲ್ಲಿ ನಾಲ್ಕನೆಯ ಅಥವಾ ಐದನೆಯ ಒಂದು ಪಾಲನ್ನು ಮಾತ್ರ ಕೆಲಸಕ್ಕೆ ಒದಗಿಸಿ ಉಳಿದುದನ್ನು ಶಾಖವಾಗಿ ಚೆಲ್ಲುವುದರಿಂದ, ಒಟ್ಟು ಖರ್ಚು 170ರಿಂದ 200 ಕ್ಯಾಲೊರಿಯಾಗುತ್ತದೆ. ಪಾದದಲ್ಲಿ ತೊಟ್ಟ ಸ್ವೆಟರು ಮುನ್ನೂರನೆಯ ಮೆಟ್ಟಿಲಿನ ಹೊತ್ತಿಗೆ ಸೊಂಟಕ್ಕೆ ಏಕೆ ಇಳಿಯುತ್ತದೆಂಬುದು ಅಂದು ನನಗೆ ತಿಳಿಯಿತು. ಅದರೊಡನೆ ಇನ್ನೊಂದು ಕಹಿಸತ್ಯವೂ ತಿಳಿಯಿತು. ಇಳಿದು ಬಂದವನು ಮನೆಗೆ ಹೋಗುವ ದಾರಿಯಲ್ಲಿ, ಮೈಸೂರಿನವನಾಗಿ ಹುಟ್ಟಿದ ಹಕ್ಕಿನಿಂದ ಒಂದು ಮಸಾಲೆದೋಸೆಯನ್ನು ಬೆಣ್ಣೆಯೊಡನೆ ತಿಂದರೆ, ಬೆಟ್ಟ ಹತ್ತಿದ ಸಂಪಾದನೆಯೆಲ್ಲ ಕರಗಿ ಸಾಲವೂ ಉಳಿಯುತ್ತದೆ.

ಹಾಗಾದರೆ ಏರುವುದರಿಂದ ಲಾಭವೇನು? ಲಾಭವಿರುವುದು ಕ್ಯಾಲೊರಿಯ ಜಮಾಖರ್ಚಿನಲ್ಲಲ್ಲ. ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್ನಿನ ಶಿಫಾರಸಿಗಾಗಿ ಕಾಯದೆ ಒಳಗೆ ಎಳೆದುಕೊಳ್ಳುತ್ತದೆ. ದುಡಿಮೆ ನಿಂತ ಮೇಲೂ ಅನೇಕ ಗಂಟೆಗಳವರೆಗೆ ಅದು ಇನ್ಸುಲಿನ್ನಿನ ಮಾತನ್ನು ಹೆಚ್ಚು ವಿಧೇಯವಾಗಿ ಕೇಳುತ್ತದೆ. ದೇಹದಲ್ಲಿ ತೊಡೆಗಿಂತ ದೊಡ್ಡ ಸ್ನಾಯುಸಮೂಹಗಳು ಹೆಚ್ಚಿಲ್ಲ, ಮೆಟ್ಟಿಲಿಗೆ ಬೇಕಾದದ್ದೂ ಅವೇ. ಇದಕ್ಕಿಂತ ಆಶ್ಚರ್ಯಕರವಾದದ್ದು ಇಳಿಯುವಿಕೆಯ ಕಥೆ. ಏರುವುದು ಕಷ್ಟ, ಇಳಿಯುವುದು ಸುಲಭ ಎಂದು ಲೋಕದ ತಿಳಿವಳಿಕೆ. ಆದರೆ ಬೆಟ್ಟದಿಂದ ಬಂದ ಮರುದಿನ ಪಾಠದ ವೇದಿಕೆಯನ್ನು ಹತ್ತುವಾಗ ತೊಡೆ ನಡುಗುವುದು ಏರಿದ್ದರಿಂದಲ್ಲ, ಇಳಿದದ್ದರಿಂದ. ಇಳಿಯುವಾಗ ತೊಡೆಯ ಸ್ನಾಯು ಭಾರವನ್ನು ತಡೆಯುತ್ತಲೇ ಉದ್ದವಾಗುತ್ತದೆ. ಗಾಡಿಗೆ ಬಿರಿ ಹಾಕಿದಂತಹ ಈ ಕೆಲಸವೇ ಅದನ್ನು ಹೆಚ್ಚು ನೋಯಿಸುವುದು.

ಈ ಶತಮಾನದ ಮೊದಲ ದಶಕದಲ್ಲಿ ಆಸ್ಟ್ರಿಯಾದ ಆಲ್ಪ್ಸ್ ಸೀಮೆಯ ವೈದ್ಯರು ಇದನ್ನೇ ಪರೀಕ್ಷೆಗೆ ಒಡ್ಡಿದರು. ವ್ಯಾಯಾಮದ ಅಭ್ಯಾಸವಿಲ್ಲದ ಆರೋಗ್ಯವಂತರು ಎರಡು ತಿಂಗಳು ಬೆಟ್ಟವನ್ನು ನಡೆದು ಏರಿ ತೂಗುತೊಟ್ಟಿಲಿನಲ್ಲಿ ಇಳಿದರು. ಮತ್ತೆರಡು ತಿಂಗಳು ತೊಟ್ಟಿಲಿನಲ್ಲಿ ಏರಿ ನಡೆದು ಇಳಿದರು. ಏರಿದಾಗ ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತಗ್ಗಿತು. ಇಳಿದಾಗ ದೇಹವು ಸಕ್ಕರೆಯನ್ನು ನಿಭಾಯಿಸುವ ಸಾಮರ್ಥ್ಯ ಹೆಚ್ಚಿತು. ನಮ್ಮ ಬೆಟ್ಟಕ್ಕೂ ಹಗ್ಗದ ದಾರಿಯೊಂದನ್ನು ಹಾಕುವ ಪ್ರಸ್ತಾಪವು 2022ರಲ್ಲಿ ಎದ್ದಿತ್ತು. ಮೈಸೂರಿನ ಜನ ಬಲವಾಗಿ ವಿರೋಧಿಸಿದರು. ಸಂಶೋಧನೆಗಾದರೂ ಅದು ಉಪಯೋಗವಾಗುತ್ತಿತ್ತೆಂದು ಯಾರೂ ವಾದಿಸಲಿಲ್ಲ, ನನಗೂ ಅದರ ಬಗೆಗೆ ವ್ಯಥೆಯಿಲ್ಲ. ಮೊಣಕಾಲಿನ ಸವೆತವಿರುವವರು ಮಾತ್ರ ನಡೆದು ಏರಿ, ಬಸ್ಸಿನಲ್ಲಿ ಇಳಿಯುವುದು ಲೇಸು. ಬಸ್ಸು ತುದಿಯಿಂದಲೇ ಹೊರಡುತ್ತದೆ.

ಬೆಟ್ಟಕ್ಕೂ ತನ್ನ ಆರೋಗ್ಯವೊಂದಿದೆ. ಹೊರಗಿನಿಂದ ವಜ್ರಕಾಯವೆಂದು ತೋರುವ ಈ ಕಗ್ಗಲ್ಲಿನ ಮೈ 2021ರ ಅಕ್ಟೋಬರಿನ ಮಳೆಗೆ ನಂದಿಯ ಕಡೆಗೆ ಹೋಗುವ ರಸ್ತೆಯ ಬಳಿ ಕುಸಿಯಿತು. ಮಾಗಿ ಮುಗಿಯುತ್ತಿದ್ದಂತೆ ಹುಲ್ಲು ಒಣಗಿ ಬೆಂಕಿಗೆ ಸಿದ್ಧವಾಗುತ್ತದೆ. ಒಂದು ಬೀಡಿಯ ತುಂಡು ಸಾಕು. ಮೈ ಹಗುರಮಾಡಿಕೊಳ್ಳಲೆಂದು ಬಂದವರು ನೀರು ಕುಡಿದ ಪ್ಲಾಸ್ಟಿಕ್ ಸೀಸೆಯನ್ನು ಪೊದೆಗೆ ಎಸೆದು ಕೈಯನ್ನೂ ಹಗುರಮಾಡಿಕೊಳ್ಳುವುದನ್ನು ಕಂಡಾಗ ನನಗೆ ತರಗತಿಯ ಹಿಂದಿನ ಬೆಂಚಿನವರ ಮೇಲೆ ಬರುವ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು ಬರುತ್ತದೆ.

ಜನವರಿ ಒಂದನೆಯ ತಾರೀಖು ಮೆಟ್ಟಿಲುಗಳ ಮೇಲೆ ಕಾಲಿಡಲು ಸ್ಥಳವಿರುವುದಿಲ್ಲ. ಹೊಸ ಬೂಟುಗಳ ಬಣ್ಣವೇ ಒಂದು ಉತ್ಸವ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ವೇಳೆಗೆ ಅರ್ಧ ಜನ ಉಳಿಯುತ್ತಾರೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುವಾಗ ಅದರ ಜೊತೆಗೆ ಉಳಿದವರಲ್ಲಿಯೂ ಬಹುಮಂದಿ ಓಡುತ್ತಾರೆ. ಬಿಡದೆ ಬರುವವರು ಯಾರೆಂದು ನಾನು ಗಮನಿಸುತ್ತ ಬಂದಿದ್ದೇನೆ. ಕೇವಲ ಆರೋಗ್ಯಕ್ಕಾಗಿ ಬಂದವರು ಅವರಲ್ಲಿ ಕಡಮೆ. ಒಬ್ಬರಿಗೆ ನವಿಲಿನ ಕೂಗು ಬೇಕು. ಒಬ್ಬರಿಗೆ ಮನೆಯಲ್ಲಿ ಸಿಕ್ಕದ ಅರ್ಧ ಗಂಟೆಯ ಮೌನ ಬೇಕು. ಮಂಜು ಹರಿದಾಗ ಅರಮನೆಯ ಗುಮ್ಮಟಗಳೂ, ಲಲಿತಮಹಲಿನ ಬಿಳುಪೂ, ಕಾರಂಜಿಕೆರೆಯ ನೀರಿನ ಹೊಳಪೂ ಒಂದೊಂದಾಗಿ ಕೆಳಗೆ ಮೂಡುವುದನ್ನು ನೋಡಲು ಬರುವ ಬ್ಯಾಂಕಿನ ಗುಮಾಸ್ತರೊಬ್ಬರಿದ್ದಾರೆ; ಕೇಳಿದರೆ ಮಾತ್ರ ರಕ್ತದೊತ್ತಡವೆನ್ನುತ್ತಾರೆ.

ಇವರೆಲ್ಲರಿಗಿಂತ ಕಠಿನವಾದ ವ್ಯಾಯಾಮ ಮಾಡುವವರು ಹರಕೆಯ ಹೆಂಗಸರು. ಪ್ರತಿಯೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಹಚ್ಚಿ, ಕುಂಕುಮವಿಟ್ಟು, ಎದ್ದು, ಮುಂದಿನದಕ್ಕೆ ಕಾಲಿಡಬೇಕು. ಸಾವಿರ ಸಲ ಬಗ್ಗಿ ಸಾವಿರ ಸಲ ಏಳುವ ಈ ಸಾಧನೆಯನ್ನು ಯಾವ ವ್ಯಾಯಾಮಶಾಲೆಯೂ ತನ್ನ ಸದಸ್ಯರಿಗೆ ವಿಧಿಸಲಾರದು. ಕಳೆದ ಧನುರ್ಮಾಸದಲ್ಲಿ ನಡುವಯಸ್ಸಿನ ಒಬ್ಬಾಕೆ ಹೀಗೆ ಏರುತ್ತಿದ್ದರು. "ಅಮ್ಮಾ, ಸ್ವಲ್ಪ ಕೂತು ಸುಧಾರಿಸಿಕೊಳ್ಳಿ" ಎಂದೆ. "ಮಗಳಿಗೆ ಆಪರೇಷನ್ ಆಗಿ ಉಳಕೊಂಡಳು ಸ್ವಾಮಿ. ಕೂತ್ಕೊಂಡ್ರೆ ಲೆಕ್ಕ ತಪ್ಪತ್ತೆ" ಎಂದು ಮತ್ತೆ ಬಗ್ಗಿದರು. ಅವರ ದಾರಿಯಿಂದ ಬದಿಗೆ ಸರಿದು, ಅರಿಸಿನದ ಮೇಲೆ ಬೂಟುಗಾಲಿಡದಂತೆ ಅಂಚಿನಲ್ಲಿ ನಡೆದು ನಾನು ಮುಂದೆ ಹೋದೆ. ಆ ದಿನ ಮಣಿಕಟ್ಟಿನ ಗಡಿಯಾರವನ್ನು ನೋಡಲು ಮನಸ್ಸಾಗಲಿಲ್ಲ.

ಅಂಚೆಯ ಯಜಮಾನರು ಈ ವರ್ಷ ನಂದಿಯಿಂದಾಚೆಗೆ ಬರುವುದಿಲ್ಲ. ಡಾಕ್ಟರು ಅಷ್ಟಕ್ಕೇ ಅಪ್ಪಣೆ ಕೊಟ್ಟಿದ್ದಾರಂತೆ. 16 ಅಡಿ ಎತ್ತರದ ಆ ಕಲ್ಲಿನ ಬಸವನ ಎದುರಿಗೆ, ಬಿಸಿಲು ಬೀಳುವ ಕಡೆ, ಟವೆಲು ಹಾಸಿ ಕುಳಿತಿರುತ್ತಾರೆ. ನಾನು ತುದಿ ಮುಟ್ಟಿ ಬರುವವರೆಗೆ ಅಲ್ಲೇ ಕಾಯುತ್ತಾರೆ. ಬಂದೊಡನೆ ಪಕ್ಕಕ್ಕೆ ಸರಿದು ಜಾಗ ಮಾಡಿ, "ಹ್ಞೂ, ಈಗ ಇಳಿಯೋ ಹೊತ್ತು. ಅವತ್ತು ಅರ್ಧಕ್ಕೆ ನಿಲ್ಲಿಸಿದ್ರಲ್ಲ, ಆ ಪಾಠ ಹೇಳಿ ಮೇಷ್ಟ್ರೇ" ಎನ್ನುತ್ತಾರೆ.